ಅತ್ತೆ ಮಾವನ ಜೊತೆ ಸಾಗರದ ಕಡೆ ನಾಲ್ಕು ದಿನ: ಊಟದ ಟೈಮ್ ನೋಡ್ಕೊಂಡು ಟ್ರಿಪ್ ಪ್ಲಾನ್ ಮಾಡೋದು ಹೇಗೆ

ಮೊದಲ ಸಲ ಅತ್ತೆ ಮಾವನ್ನ ಕರ್ಕೊಂಡು ಶಿವಮೊಗ್ಗ ಜಿಲ್ಲೆ ಸಾಗರಕ್ಕೆ ಹೋದಾಗ ನಮ್ಮೆಜಮಾನ್ರು ಆಫೀಸ್ ಕೆಲ್ಸದ ಥರ ಎಕ್ಸೆಲ್ ಶೀಟ್ ಮಾಡಿದ್ರು. ಬೆಳಿಗ್ಗೆ ಜೋಗ, ಮಧ್ಯಾಹ್ನ ಸಿಗಂದೂರು, ಸಾಯಂಕಾಲ ಇಕ್ಕೇರಿ ಕೆಳದಿ ಎರಡೂ. ಆಗಿನ್ನೂ ಸಿಗಂದೂರಿಗೆ ಸೇತುವೆ ಇರ್ಲಿಲ್ಲ, ಶರಾವತಿ ಹಿನ್ನೀರು ದಾಟಕ್ಕೆ ಲಾಂಚಿಗೆ ಕಾಯ್ಬೇಕಿತ್ತು, ಅದ್ರಲ್ಲೂ ಭಾನುವಾರ. ಆ ದಡ ಮುಟ್ಟೋಷ್ಟರಲ್ಲಿ ಮೂರೂವರೆ ಆಗಿತ್ತು, ಕ್ಯೂನಲ್ಲೇ ಬಾಳೆಹಣ್ಣು ಬಿಸ್ಕತ್ತು ತಿಂದಿದ್ದೇ ಊಟ, ಮಾವನಿಗೆ ಶುಗರ್ ಇದೆ ಅನ್ನೋದು ಆ ಶೀಟಲ್ಲಿ ಯಾವ ಕಾಲಮ್ಮಲ್ಲೂ ಇರ್ಲಿಲ್ಲ. ಕೆಳದಿ ತಲುಪಿದಾಗ ಕತ್ತಲು, ದೇವಸ್ಥಾನದ ಬಾಗ್ಲು ನೋಡ್ಕೊಂಡು ಬಂದ್ವಿ. ರಾತ್ರಿ ರೂಮಲ್ಲಿ ಅತ್ತೆ ಒಂದೇ ಮಾತು ಕೇಳಿದ್ರು, "ನಾವ್ ಬಂದಿದ್ದು ಊರ್ ನೋಡಕ್ಕೋ ಕಾರ್ ಸೀಟ್ ಸವೆಸಕ್ಕೋ?"

ಅದಾದ್ಮೇಲೆ ಎರಡು ಸಲ ಹೋಗಿದೀವಿ, ಎರಡು ಸಲಾನೂ ಚೆನ್ನಾಗಾಯ್ತು. ನಾವು ಬದಲಾಯಿಸಿದ್ದು ಒಂದೇ. ಯಾವ ಜಾಗ ನೋಡ್ಬೇಕು ಅಂತ ಶುರು ಮಾಡೋದು ಬಿಟ್ಟು, ಇವತ್ತು ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿ ಊಟ ಅಂತ ಶುರು ಮಾಡಿದ್ವಿ. ಊಟದ ಜಾಗ ಗೊತ್ತಾದ್ರೆ ಅದಕ್ಕೆ ಮುಂಚೆ ಪಕ್ಕದಲ್ಲಿರೋ ಒಂದೂರು, ಆಮೇಲೆ ನಿದ್ದೆ, ಸಾಯಂಕಾಲ ಮನಸ್ಸಿದ್ರೆ ಇನ್ನೊಂದು, ಇಲ್ದಿದ್ರೆ ಜಗಲಿ ಮೇಲೆ ಕೂತ್ಕೊಳ್ಳೋದು. ಮಲೆನಾಡಲ್ಲಿ ಇದು ಬರೀ ಸೋಮಾರಿತನ ಅಲ್ಲ. ಹಳ್ಳಿ ಕಡೆ ನಮ್ಮ ಬೆಂಗಳೂರಿನ ಥರ ಮೂರು ಗಂಟೆಗೂ ನಾಲ್ಕು ಗಂಟೆಗೂ ಮೀಲ್ಸ್ ಸಿಗಲ್ಲ, ಮನೆ ಊಟ ಮಾಡಿ ಹಾಕೋ ಜಾಗದಲ್ಲಂತೂ ಬೆಳಿಗ್ಗೇನೇ ಎಷ್ಟು ಜನ ಅಂತ ಹೇಳಿದ್ರೆ ಅಷ್ಟಕ್ಕೆ ಅಕ್ಕಿ ಹಾಕ್ತಾರೆ. ಹೇಳ್ದೆ ಆರು ಜನ ಹೋಗಿ ನಿಂತ್ರೆ ಅವ್ರಿಗೂ ಮುಜುಗರ ನಮಗೂ ಮುಜುಗರ.

ಹೋಗೋದು

ವಯಸ್ಸಾದವ್ರಿದ್ರೆ ನನ್ನ ಓಟು ಟ್ರೈನಿಗೆ. ಮೈಸೂರು–ತಾಳಗುಪ್ಪ ರಾತ್ರಿ ಟ್ರೈನು ಬೆಂಗಳೂರು ಮೇಲೇ ಹೋಗುತ್ತೆ, ಹತ್ತಿ ಮಲಗಿದ್ರೆ ಬೆಳಿಗ್ಗೆ ಸಾಗರ. ಬುಕ್ ಮಾಡೋವಾಗ ಒಂದು ಎಚ್ಚರ, ನಮ್ಮ ಸ್ಟೇಷನ್ ಹೆಸ್ರು ಸಾಗರ ಜಂಬಗಾರು, ಬರೀ ಸಾಗರ ಅಂತ ಹುಡುಕಿದ್ರೆ ಮಧ್ಯಪ್ರದೇಶದ ಸಾಗರ್ ಬಂದ್ಬಿಡುತ್ತೆ. ಲೋಯರ್ ಬರ್ತ್ ಬೇಕು ಅಂದ್ರೆ ಬೇಗ ಬುಕ್ ಮಾಡಿ, ಹಬ್ಬ ರಜಾ ಇದ್ರೆ ವೇಟಿಂಗ್ ಲಿಸ್ಟ್ ಬೇಗ ಬೆಳೆಯುತ್ತೆ. ಸಾಗರದಲ್ಲಿ ಇಳಿದ್ಮೇಲೆ ದಿನದ ಲೆಕ್ಕದಲ್ಲಿ ಟ್ಯಾಕ್ಸಿ ಮಾತಾಡ್ಕೊಳಿ, ಡ್ರೈವರ್ ಊಟ, ಕಾಯೋ ಚಾರ್ಜು ಎಲ್ಲಾ ಸೇರಿ ಎಷ್ಟು ಅಂತ ಮೊದಲೇ ಕೇಳ್ಬಿಡಿ, ಲೋಕಲ್ ಡ್ರೈವರ್ ಇದ್ರೆ ಊಟದ ಅರ್ಧ ತಲೆನೋವು ಅವ್ರೇ ಬಗೆಹರಿಸ್ತಾರೆ.

ಕಾರಲ್ಲೇ ಹೋಗ್ತೀವಿ ಅನ್ನೋರಿಗೆ ಬೆಂಗಳೂರಿಂದ ಹೆಚ್ಚುಕಮ್ಮಿ 370 ಕಿಲೋಮೀಟರ್, ತುಮಕೂರು, ಅರಸೀಕೆರೆ, ಕಡೂರು, ಭದ್ರಾವತಿ, ಶಿವಮೊಗ್ಗ. ಶಿವಮೊಗ್ಗ ದಾಟಿ ಸಾಗರದ ದಾರೀಲಿ ಆನಂದಪುರದ ಹತ್ರ ಮಲಂದೂರು ಅಂತ ಹಳ್ಳಿ ಇದೆ, ಅಲ್ಲಿ ಚಂಪಕ ಸರಸ್ಸು ಅಂತ ಕಲ್ಲು ಕಟ್ಟಿದ ಕೊಳ, ನಡುವೆ ಪುಟ್ಟ ಗುಡಿ. ಕೆಳದಿ ದೊರೆ ವೆಂಕಟಪ್ಪ ನಾಯಕ ಚಂಪಕ ಅನ್ನೋಳ ನೆನಪಿಗೆ ಕಟ್ಟಿಸಿದ್ದು ಅಂತ ಕಥೆ ಹೇಳ್ತಾರೆ. ಕಾಲು ಚಾಚೋಕೆ ಒಳ್ಳೆ ಜಾಗ. ಮೆಟ್ಟಿಲು ಜಾರುತ್ತೆ, ಮಕ್ಕಳ ಕೈ ಬಿಡ್ಬೇಡಿ.

ಯಾವಾಗ

ಯಾವಾಗ ಹೋಗ್ಬೇಕು ಅನ್ನೋದೂ ಊಟದ ಪ್ರಶ್ನೆನೇ. ಜನವರಿಯಿಂದ ಮಾರ್ಚ್ ತನಕ ಆಲೆಮನೆ ಸೀಸನ್, ಕಬ್ಬಿನ ಹಾಲು, ಅದರ ಜೊತೆ ನೆಂಚ್ಕೊಳ್ಳೋಕೆ ಮಂಡಕ್ಕಿ ಮಿರ್ಚಿ, ಕೊಪ್ಪರಿಗೆಯಿಂದ ಆಗಷ್ಟೇ ತೆಗೆದ ನೊರೆಬೆಲ್ಲ. ಸೀಸನ್ ಟೈಮಲ್ಲಿ ಕೆಲವು ಊರಲ್ಲಿ ಆಲೆಮನೆ ಹಬ್ಬ ಅಂತಾನೇ ಮಾಡ್ತಾರೆ. (ಕಬ್ಬಿನ ಹಾಲು ಎಷ್ಟು ಬೇಕಾದ್ರೂ ಕುಡೀರಿ ಅಂತಾರೆ, ನಮ್ಮೆಜಮಾನ್ರು ಆ ಮಾತನ್ನ ಸೀರಿಯಸ್ಸಾಗಿ ತಗೊಂಡು ಮಾರನೇ ದಿನ ಎಲ್ಲೂ ಹೊರಗೆ ಬರ್ಲಿಲ್ಲ.) ಏಪ್ರಿಲ್ ಮೇ ಹಲಸು, ಅಪ್ಪೆಮಿಡಿ (ಉಪ್ಪಿನಕಾಯಿಗೆ ಹಾಕೋ ಮಾವಿನ ಮಿಡಿ), ಹಪ್ಪಳ ಒಣಗಿಸೋ ಕಾಲ, ಸೆಕೆ ಜಾಸ್ತಿ. ಮಳೆಗಾಲದಲ್ಲಿ ಕೆಸುವಿನ ಪತ್ರೊಡೆ, ಕಳಲೆ ಪಲ್ಯ ಸಿಗುತ್ತೆ, ಜೋಗಾನೂ ತುಂಬಿ ಸುರಿಯುತ್ತೆ, ಆದ್ರೆ ಉಂಬಳ (ಜಿಗಣೆ) ಕಾಲಿಗೆ ಹತ್ತುತ್ತೆ, ವಯಸ್ಸಾದವ್ರು ಜಾರಿ ಬಿದ್ರೆ ಕಷ್ಟ. ನಮಗೆ ಇಷ್ಟ ಆಗಿದ್ದು ಅಕ್ಟೋಬರ್, ಮಳೆ ಬಿಟ್ಟಿರುತ್ತೆ, ಗದ್ದೆ ಇನ್ನೂ ಹಸಿರು, ಭೂಮಿ ಹುಣ್ಣಿಮೆಗೆ ದೀವರ (ಇಲ್ಲಿನ ಒಂದು ರೈತ ಸಮುದಾಯ) ಮನೆ ಹೆಂಗಸ್ರು ಬುಟ್ಟಿ ಮೇಲೆ ಚಿತ್ತಾರ ಬರೀತಾರೆ, ಮನೆಯವ್ರು ಅದನ್ನ ಗದ್ದೆಗೆ ಹೊತ್ಕೊಂಡು ಹೋಗ್ತಾರೆ. ಅದನ್ನ ನೋಡೋದಾದ್ರೆ ಪರಿಚಯದವ್ರ ಮೂಲಕ ಹೋಗಿ, ಅದು ಅವ್ರ ಮನೆ ಹಬ್ಬ, ಕೇಳ್ದೆ ಫೋಟೋ ತೆಗೀಬೇಡಿ.

ಇನ್ನೊಂದು ಮುಖ್ಯ ವಿಷಯ. ಡಿಸೆಂಬರಿಂದ ಮಳೆ ಹಿಡಿಯೋ ತನಕ ಕಾಡೊಳಗೆ, ಒಣಗಿದ ಎಲೆ ಮೇಲೆ ಸುಮ್ನೆ ಓಡಾಡ್ಬೇಡಿ. ಮಂಗನ ಕಾಯಿಲೆ ಇರೋ ಪ್ರದೇಶ ಇದು, 1957ರಲ್ಲಿ ಇದನ್ನ ಮೊದಲು ಗುರುತಿಸಿದ ಕ್ಯಾಸನೂರು ಕಾಡು ಪಕ್ಕದ ಸೊರಬ ತಾಲ್ಲೂಕಲ್ಲೇ ಇರೋದು. ಉಣುಗು (ಉಣ್ಣೆ ಹುಳ) ಕಚ್ಚೋದ್ರಿಂದ ಬರುತ್ತೆ. ಹೋಮ್‌ಸ್ಟೇಯವ್ರು ಆ ಕಡೆ ಹೋಗ್ಬೇಡಿ ಅಂದ್ರೆ ಹೋಗ್ಬೇಡಿ ಅಷ್ಟೆ, ಅಲ್ಲೊಂದು ಸೀಕ್ರೆಟ್ ಫಾಲ್ಸ್ ಇದೆ ಅಂತ ರೀಲ್ಸ್ ನೋಡ್ಕೊಂಡು ವಾದ ಮಾಡ್ಬೇಡಿ.

ಉಳ್ಕೊಳ್ಳೋದು

ನಾಲ್ಕು ದಿನಾನೂ ಒಂದೇ ಕಡೆ ಉಳ್ಕೊಳಿ. ದಿನಾ ಬ್ಯಾಗ್ ಕಟ್ಟೋದು ಬಿಚ್ಚೋದು ಇದ್ರೆ ಅದು ರಜಾನೇ ಅಲ್ಲ. ಬುಕ್ ಮಾಡೋ ಮುಂಚೆ ಫೋನಲ್ಲಿ ಕೇಳ್ಬೇಕಾಗಿದ್ದು: ಕಮೋಡ್ ಇದೆಯಾ, ಕಾರ್ ನಿಲ್ಸೋ ಜಾಗದಿಂದ ಮನೆಗೆ ಎಷ್ಟು ದೂರ (ತೋಟದ ಮನೆ ಅಂದ್ರೆ ಒಮ್ಮೊಮ್ಮೆ ಸಂಕ, ಅಂದ್ರೆ ಕಾಲುಸೇತುವೆ, ದಾಟಿ ನಡೀಬೇಕು, ಅಡಿಕೆ ಮರದ ಸಂಕದ ಮೇಲೆ ನಮ್ಮತ್ತೆಯಂತೂ ಸುತರಾಂ ಬರಲ್ಲ), ಕರೆಂಟ್ ಹೋದ್ರೆ ಏನ್ ವ್ಯವಸ್ಥೆ, ಮೂರು ಹೊತ್ತು ಊಟ ಸೇರಿ ಒಬ್ಬರಿಗೆ ಎಷ್ಟು. ನಾವು ಒಂದ್ಸಲ ಈ ಕೊನೇ ಪ್ರಶ್ನೆ ಕೇಳ್ದೆ ಹೋಗಿ ಹೊರಡೋ ದಿನ ಎರಡನೇ ಸಲ ಕುಡಿದ ಕಾಫಿಗೂ ಬಿಲ್ ಕಟ್ಟಿ ಬಂದಿದೀವಿ. ನಾನ್ ವೆಜ್ ತಿನ್ನೋರಾದ್ರೆ ಅದನ್ನೂ ಫೋನಲ್ಲೇ ಕೇಳಿ, ತುಂಬಾ ಮನೆಗಳಲ್ಲಿ ಒಳಗೆ ಮೊಟ್ಟೆ ಕೂಡ ಬರಂಗಿಲ್ಲ, ಆದ್ರೆ ಕೋಳಿ ಸಾರು ಕಡುಬು, ಅಕ್ಕಿ ರೊಟ್ಟಿ ಮಾಡಿ ಬಡಿಸೋ ಮನೆಗಳೂ ಇವೆ, ಹುಡುಕಿದ್ರೆ ಸಿಗುತ್ತೆ. ಅಡಿಕೆ ಕೊಯ್ಲು ಟೈಮಲ್ಲಿ ಹೋದ್ರೆ ಮನೆಯವ್ರಿಗೆ ಪುರುಸೊತ್ತಿರಲ್ಲ ಅನ್ನೋದು ನೆನಪಿರ್ಲಿ. ಆದ್ರೂ ಸಾಯಂಕಾಲ ಮೆಟ್ಟುಗತ್ತಿ ಮುಂದೆ ಸಾಲಾಗಿ ಕೂತು ಅಡಿಕೆ ಸುಲಿಯೋರ ಮಾತು ಕೇಳ್ತಾ ಕೂತ್ರೆ ನಿಮಗೆ ಟಿವಿ ನೆನಪೇ ಆಗಲ್ಲ.

ದಿನಕ್ಕೊಂದೂರು

ನಮ್ಮ ಕ್ರಮ ಹೀಗಿತ್ತು, ನೀವು ಹಿಂದೆ ಮುಂದೆ ಮಾಡ್ಕೋಬಹುದು.

ಮೊದಲ ದಿನ ಇಕ್ಕೇರಿ, ಸಾಗರಕ್ಕೆ ತೀರಾ ಹತ್ರ. ಅಘೋರೇಶ್ವರ ದೇವಸ್ಥಾನ ಅಷ್ಟು ದೊಡ್ಡದು ಅಂತ ದೂರದಿಂದ ಗೊತ್ತಾಗಲ್ಲ, ಎದುರಿಗಿರೋ ಮಂಟಪದಲ್ಲಿ ನಂದಿ ಕೂತಿದಾನೆ. ಬೆಳಿಗ್ಗೆ ಬಿಸಿಲೇರೋ ಮುಂಚೆ ಹೋಗಿ, ಕಲ್ಲು ಕಾದ್ರೆ ಬರಿಗಾಲಲ್ಲಿ ನಿಲ್ಲಕ್ಕಾಗಲ್ಲ, ವಯಸ್ಸಾದವ್ರಿಗೆ ಸಾಕ್ಸ್ ಇಟ್ಕೊಳಿ. ನಮ್ಮ ಮಾವ ರೆವಿನ್ಯೂ ಇಲಾಖೇಲಿದ್ದು ರಿಟೈರ್ ಆದವ್ರು, ಕೆಳದಿಯ ಶಿವಪ್ಪ ನಾಯಕನ 'ಶಿಸ್ತು' ಅನ್ನೋ ಕಂದಾಯ ಪದ್ಧತಿ ಅಂದ್ರೆ ಅವ್ರಿಗೆ ಪ್ರಾಣ. ನೆಲದ ಗುಣ ನೋಡಿ ಕಂದಾಯ ನಿಗದಿ ಮಾಡಿದ ದೊರೆ ಕಣಮ್ಮ ಅಂತ ಆ ಕಂಬದ ನೆರಳಲ್ಲಿ ಕೂತು ಮುಕ್ಕಾಲು ಗಂಟೆ ಪಹಣಿ ಪಾಠ ಮಾಡಿದ್ರು. ಮುಂಚಿನ ಟ್ರಿಪ್ಪಲ್ಲಿ ಹಾಗೆ ಕೂರಕ್ಕೇ ಟೈಮ್ ಇರ್ಲಿಲ್ಲ. ಒಂದು ಗಂಟೆಗೆ ಊಟ, ಆಮೇಲೆ ನಿದ್ದೆ, ಸಾಯಂಕಾಲ ಸಾಗರ ಪೇಟೇಲಿ ಗುಡಿಗಾರರ ಗಂಧದ ಕೆತ್ತನೆ ನೋಡಿದ್ವಿ.

ಎರಡನೇ ದಿನ ಕೆಳದಿ. ವೀರಭದ್ರ ದೇವಸ್ಥಾನದ ಛಾವಣೀಲಿ ಗಂಡಭೇರುಂಡ ಇದೆ, ತಲೆ ಎತ್ತಿ ನೋಡ್ದೆ ಬರೋ ಜನಾನೇ ಜಾಸ್ತಿ. ಪಕ್ಕದಲ್ಲೇ ಮ್ಯೂಸಿಯಂ, ಹಳೇ ಓಲೆಗರಿ ಎಲ್ಲ ಇಟ್ಟಿದಾರೆ. 1689ರಲ್ಲಿ ಔರಂಗಜೇಬನ ಸೈನ್ಯ ಬೆನ್ನು ಹತ್ತಿದ್ದಾಗ ಶಿವಾಜಿ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಕೆಳದಿ ಚೆನ್ನಮ್ಮನ ಕಥೆ ಮಕ್ಕಳಿಗೆ ಕಾರಲ್ಲೇ ಹೇಳ್ಬಿಡಿ, ಆಗ ಅಲ್ಲಿ ಬೋರ್ ಅನ್ನಲ್ಲ.

ಮೂರನೇ ದಿನ ಹೆಗ್ಗೋಡು. 1949ರಲ್ಲಿ ಶುರುವಾದ ನಾಟಕ ಸಂಸ್ಥೆ ನೀನಾಸಂ ಇರೋದು ಇಲ್ಲೇ, ಇಷ್ಟು ಸಣ್ಣ ಊರಲ್ಲಿ ಅಂಥಾ ರಂಗಮಂದಿರ ನೋಡಿ ನಮ್ಮತ್ತೆ "ಇದೇನವ್ವ ಅಡಿಕೆ ತೋಟದೊಳಗೆ ಟಾಕೀಸು" ಅಂದ್ರು. ನಾಟಕ ಇದೆಯಾ ಅಂತ ಮೊದಲೇ ವಿಚಾರಿಸಿ, ಇದ್ರೆ ಆ ದಿನಕ್ಕೇ ಹೆಗ್ಗೋಡು ಇಟ್ಕೊಳಿ. ಹತ್ರದಲ್ಲೇ ಭೀಮನಕೋಣೆಲಿ ಚರಕ ಸಂಸ್ಥೆ, ಹೆಂಗಸ್ರೇ ನಡೆಸೋದು, ಕೈಮಗ್ಗದ ಬಟ್ಟೆ, ನೈಸರ್ಗಿಕ ಬಣ್ಣ. ಇಲ್ಲಿ ಗಂಡಸ್ರನ್ನ ಕರ್ಕೊಂಡು ಹೋದ್ರೆ ಬಾಗ್ಲಲ್ಲಿ ನಿಂತು ವಾಚ್ ನೋಡ್ತಾರೆ, ಅವ್ರನ್ನ ಟೀ ಅಂಗಡಿಗೆ ಕಳ್ಸಿ.

ನಾಲ್ಕನೇ ದಿನಕ್ಕೆ ಜೋಗ ಅಥ್ವಾ ಸಿಗಂದೂರು. ಜೋಗ ಸಾಗರದಿಂದ 30 ಕಿಲೋಮೀಟರ್, ನೀರಿದ್ರೆ ಮಾತ್ರ ಹೋಗಿ, ಬೇಸಿಗೇಲಿ ಹೋದ್ರೆ ಬಂಡೆ ನೋಡ್ಕೊಂಡು ಬರ್ತೀರ. ಸಿಗಂದೂರಿಗೆ 2025ರ ಜುಲೈನಲ್ಲಿ ಎರಡು ಕಿಲೋಮೀಟರಿಗಿಂತ ಉದ್ದದ ಸೇತುವೆ ಓಪನ್ ಆಗಿದೆ, ಈಗ ಲಾಂಚಿನ ಕ್ಯೂ ಭಯ ಇಲ್ಲ. ಮಂಗಳವಾರ, ಶುಕ್ರವಾರ, ಭಾನುವಾರ ಬಿಟ್ಟು ಹೋದ್ರೆ ದರ್ಶನ ಆರಾಮ.

ಎಲೆ ಮುಂದೆ ಕೂತಾಗ

ಇಲ್ಲಿ ಊಟಕ್ಕೆ ಅರ್ಜೆಂಟ್ ಮಾಡ್ಬಾರ್ದು. ಮೊದಲ ಸಲ ಅನ್ನ ಹಾಕಿದಾಗ್ಲೇ ತಟ್ಟೆ ತುಂಬಿಸ್ಕೊಂಡ್ರೆ ಮುಗೀತು, ಆಮೇಲೆ ಬರೋ ಒಂದೊಂದಕ್ಕೂ ಬೇರೆ ಅನ್ನ ಬೇಕು. ತಂಬುಳಿ ಬಂದ್ರೆ ಯಾವುದ್ರದ್ದು ಅಂತ ಕೇಳಿ, ಒಂದೆಲಗ, ದೊಡ್ಡಪತ್ರೆ, ಮನೆ ಹಿಂದೆ ಬೆಳೆದ ಇನ್ಯಾವುದೋ ಕುಡಿ. ನೀವು ಕೇಳಿದ್ರೆ ಬಡಿಸೋ ಅಮ್ಮನಿಗೆ ಖುಷಿಯಾಗಿ ಗಿಡಾನೇ ಕಿತ್ತು ತಂದು ತೋರಿಸ್ತಾರೆ. ಅಪ್ಪೆಹುಳಿ ಅಂದ್ರೆ ಮಾವಿನಕಾಯಿಯ ತೆಳು ಸಾರು, ಅದನ್ನ ಅನ್ನಕ್ಕೂ ಹಾಕ್ಕೋಬಹುದು, ಲೋಟದಲ್ಲೂ ಕುಡೀಬಹುದು, ಕುಡಿದ್ರೆ ನಿದ್ದೆ ಬರುತ್ತೆ ಅಂತಾರೆ. ನಮ್ಮೆಜಮಾನ್ರು ಮೂರು ಲೋಟ ಕುಡಿದು ಸಾಯಂಕಾಲ ಐದಕ್ಕೆ ಎದ್ರು. ಹಾಗಾಗಿ ಅಪ್ಪೆಹುಳಿ ಕುಡಿದ ಡ್ರೈವರ್ ಕೈಗೆ ಕೀ ಕೊಡ್ಬೇಡಿ. ನೀರ್ದೋಸೆಗೆ ಜೋನಿಬೆಲ್ಲ (ನೀರುಬೆಲ್ಲ) ತುಪ್ಪ, ಕೊಟ್ಟೆಕಡುಬಿಗೆ ಚಟ್ನಿ, ಇದನ್ನೆಲ್ಲ ಬೆಳಿಗ್ಗೆ ತಿಂಡಿಗೆ ಬೇಕು ಅಂತ ಹಿಂದಿನ ರಾತ್ರೀನೇ ಹೇಳಿ, ಅಕ್ಕಿ ನೆನೆಹಾಕ್ಬೇಕಲ್ಲ.

ಯಾರಾದ್ರೂ ಮನೆಗೆ ಕರೆದ್ರೆ ಹೋಗಿ. ಜಗಲಿ ಹತ್ತಿದ ಕೂಡ್ಲೇ ನೀರು ಬೆಲ್ಲ ಕೊಟ್ಟು "ಆಸ್ರಿಗೆ ಎಂತ ಬೇಕು?" ಅಂತಾರೆ, ಅಂದ್ರೆ ಕುಡಿಯೋಕೆ ಏನು ಅಂತ. ಏನೂ ಬೇಡ ಅನ್ನೋದು ಒಳ್ಳೇ ಉತ್ತರ ಅಲ್ಲ, ಕಷಾಯ ಅಥ್ವಾ ಮಜ್ಜಿಗೆ ಅನ್ನಿ. ಕವಳದ ತಬಕು ಮುಂದಿಟ್ರೆ ಎಲೆ ಹಾಕದೇ ಇದ್ರೂ ಒಂದು ಅಡಿಕೆ ಚೂರು ತಗೊಳಿ. ಕೈ ಬೀಸ್ಕೊಂಡು ಹೋಗ್ಬೇಡಿ, ಹಣ್ಣೋ ಹೂವೋ ಏನಾದ್ರೂ ಇರ್ಲಿ. ದುಡ್ಡು ಕೊಡಕ್ಕೆ ಹೋದ್ರೆ ಬೇಜಾರು ಮಾಡ್ಕೋತಾರೆ, ಮಕ್ಕಳಿದ್ರೆ ಪುಸ್ತಕ ಕೊಡಿ.

ಒಂದು ವಾರ್ನಿಂಗ್. ನಾವು ಮಂಡ್ಯ ಕಡೆಯವ್ರು. ಎಷ್ಟೇ ರುಚಿಯಾಗಿದ್ರೂ ಮೂರನೇ ದಿನ ಮಧ್ಯಾಹ್ನ ಅತ್ತೆ ನನ್ನ ಪಕ್ಕಕ್ಕೆ ಕರೆದು, "ಬರೀ ಅನ್ನ ತಿಂದು ಹೊಟ್ಟೆ ನಿಲ್ತಾನೇ ಇಲ್ಲ ಕಣವ್ವ, ಎಲ್ಲಾದ್ರೂ ಒಂದು ಮುದ್ದೆ ಸಿಗ್ತದಾ ನೋಡು" ಅಂದ್ರು. ಮುಂದಿನ ಸಲ ನಾನೇ ಎರಡು ಕೆಜಿ ರಾಗಿ ಹಿಟ್ಟು ತಗೊಂಡು ಹೋದೆ, ಹೋಮ್‌ಸ್ಟೇ ಅಮ್ಮನ ಅಡುಗೆಮನೇಲಿ ಅತ್ತೆನೇ ನಿಂತು ಮುದ್ದೆ ತಿರುವಿದ್ರು, ಅವ್ರ ಮನೆಯವ್ರೆಲ್ಲ ಸುತ್ತ ನಿಂತು ನೋಡಿದ್ರು. ಇಡೀ ಟ್ರಿಪ್ಪಲ್ಲಿ ಅತ್ತೆ ಜಾಸ್ತಿ ನೆನೆಸ್ಕೊಳ್ಳೋದು ಅದನ್ನೇ, ದೇವಸ್ಥಾನ ಆಮೇಲೆ.

ಕಟ್ಕೊಂಡು ಬರೋದು

ಹಲಸಿನ ಹಪ್ಪಳ ಎಷ್ಟಾದ್ರೂ ತನ್ನಿ, ಕೆಡಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ ಗಾಜಿನ ಬಾಟ್ಲೀಲಿ ತಗೊಂಡು ಮುಚ್ಚಳದ ಮೇಲೆ ಪ್ಲಾಸ್ಟಿಕ್ ಕಟ್ಟಿ, ಬಟ್ಟೆ ಬ್ಯಾಗಲ್ಲಿ ಇಡ್ಲೇಬೇಡಿ. ಜೋನಿಬೆಲ್ಲನ ಡಬ್ಬ ಗಂಟಲವರೆಗೆ ತುಂಬಿಸ್ಕೋಬೇಡಿ, ಅಲುಗಾಟಕ್ಕೆ ಉಕ್ಕಿ ನಮ್ಮ ಬರ್ತ್ ಕೆಳಗೆ ಹರಿದಿತ್ತು, ಬೆಳಿಗ್ಗೆ ಮಾವನ ಚಪ್ಪಲಿ ನೆಲ ಬಿಟ್ಟು ಬರ್ಲಿಲ್ಲ. ತೊಡದೇವು ಅನ್ನೋ ಸಿಹಿ ಮಾತ್ರ ಪೇಪರಿಗಿಂತ ತೆಳು, ಅದನ್ನ ಮಡಿಲಲ್ಲೇ ಇಟ್ಕೊಂಡು ಬರ್ಬೇಕು. ಪುಡಿ ಆದ್ರೆ ಬಿಸಾಡ್ಬೇಡಿ, ಬಿಸಿ ಹಾಲಿಗೆ ಹಾಕ್ಕೊಂಡು ಚಮಚದಲ್ಲಿ ತಿನ್ನಿ, ನಾವು ಈಗ ಬೇಕು ಅಂತಾನೇ ಪುಡಿ ಮಾಡ್ಕೊಂಡು ತಿಂತೀವಿ.