ಮಾತು ಬಾರದ ಪಾತ್ರ ಆಡುವುದು ಹೀಗೆ

ಹುಬ್ಬಳ್ಳಿ-ಧಾರವಾಡದಲ್ಲಿ ರವಿವಾರ ಮಧ್ಯಾಹ್ನ ಟೇಬಲ್ ಸುತ್ತ ಕೂತು ರೋಲ್‌ಪ್ಲೇ ಗೇಮ್ ಆಡುವ ಗೆಳೆಯರ ಗುಂಪುಗಳಿವೆ. ಒಬ್ಬರು ಡಿಎಂ (ಡಂಜನ್ ಮಾಸ್ಟರ್) ಆಗಿ ಕಥೆ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರ ಹಿಡಿಯುತ್ತಾರೆ. ಕೆಲಸ ಆಯಿತೋ ಕೆಟ್ಟಿತೋ ಎಂದು ದಾಳ ಹೇಳುತ್ತದೆ. ಇಂಥ ಗುಂಪಿನಲ್ಲಿ ಯಾರಾದರೊಬ್ಬರು ‘ನನ್ನ ಪಾತ್ರಕ್ಕೆ ಮಾತು ಬರಲ್ಲ’ ಎಂದು ಹುರುಪಿನಿಂದ ಶುರು ಮಾಡುತ್ತಾರೆ. ಎರಡನೇ ಸೆಷನ್ ಹೊತ್ತಿಗೆ ಮೂಲೆಯಲ್ಲಿ ಮೊಬೈಲ್ ನೋಡುತ್ತಾ ಕೂತಿರುತ್ತಾರೆ. ಇದು ಪದೇಪದೇ ಆಗುವುದನ್ನು ನೋಡಿಯೇ ಇದನ್ನು ಬರೆಯುತ್ತಿದ್ದೇನೆ. ಮಾತು ಇಲ್ಲದಿರುವುದು ಪಾತ್ರಕ್ಕೆ, ಆಡುವವರಿಗಲ್ಲ. ಈ ಪಾತ್ರ ಹಿಡಿದವರು ಬೇರೆಯವರಿಗಿಂತ ಜಾಸ್ತಿ ಬಾಯಿ ಬಿಡಬೇಕಾಗುತ್ತದೆ.

1. ಮಾತು ಯಾಕಿಲ್ಲ ಎಂದು ಮೊದಲು ತೀರ್ಮಾನಿಸಿ

ಹುಟ್ಟಿನಿಂದ ಇಲ್ಲವೇ, ಪೆಟ್ಟು ಬಿದ್ದು ಹೋಯಿತೇ, ಮೌನವ್ರತವೇ? ಮೂರೂ ಬೇರೆ ಬೇರೆ ಆಟ. ವ್ರತ ಹಿಡಿದವರು ಬೇಕೆಂದಾಗ ಮಾತಾಡಬಲ್ಲರು, ಹಾಗಾಗಿ ಅಲ್ಲಿ ಕಥೆ ಇರುವುದು ವ್ರತ ಮುರಿಯುವ ಆಸೆಯಲ್ಲಿ. ಹುಟ್ಟಿನಿಂದ ಮಾತಿಲ್ಲದವರಿಗೆ ತಮ್ಮದೇ ರೂಢಿ ಇರುತ್ತದೆ. ಅಂಗಡಿಯಲ್ಲಿ ಚೌಕಾಸಿ ಮಾಡಿ, ಜಗಳ ಆಡಿ, ನಗಿಸಿ ಬದುಕಿದವರು ಅವರು. ಅವರನ್ನು ಪ್ರತಿ ಮಾತಿಗೂ ತಡವರಿಸುವವರಂತೆ ಆಡಬೇಡಿ. ಬಾಯಿಂದ ವಿಚಿತ್ರ ಸದ್ದು ಮಾಡಿ ನಗಿಸುವುದಂತೂ ಬೇಡವೇ ಬೇಡ.

ಕಿವಿ ಕೇಳುತ್ತದೆಯೇ ಎಂಬುದನ್ನೂ ಬರೆದಿಡಿ. ಮಾತು ಬಾರದಿರುವುದಕ್ಕೂ ಕಿವಿ ಕೇಳದಿರುವುದಕ್ಕೂ ವ್ಯತ್ಯಾಸವಿದೆ. ಪಾತ್ರ ಸಂಜ್ಞಾಭಾಷೆ ಬಳಸುವುದಾದರೆ ಅದಕ್ಕೊಂದು ಗೌರವ ಇರಲಿ. ಭಾರತೀಯ ಸಂಜ್ಞಾಭಾಷೆ ತನ್ನದೇ ವ್ಯಾಕರಣ ಇರುವ ಪೂರ್ಣ ಭಾಷೆ. ಮುಖದ ಭಾವ, ಹುಬ್ಬಿನ ಏರಿಳಿತ ಕೂಡ ಅದರ ವ್ಯಾಕರಣದ ಭಾಗ. 2015ರಲ್ಲಿ ದೆಹಲಿಯಲ್ಲಿ ಅದಕ್ಕೆಂದೇ ಕೇಂದ್ರ ಸರ್ಕಾರದ ಸಂಸ್ಥೆ ಶುರುವಾಯಿತು, 2018ರಲ್ಲಿ ನಿಘಂಟೂ ಬಂತು. ಸುಮ್ನೆ ಗಾಳಿಯಲ್ಲಿ ಬೆರಳಾಡಿಸಿ ‘ಇದೇ ಸಂಜ್ಞಾಭಾಷೆ’ ಎನ್ನುವ ಬದಲು, ‘ಅವಳು ಸಂಜ್ಞೆಯಲ್ಲಿ ಹೇಳಿದಳು’ ಎಂದು ಬಾಯಲ್ಲಿ ಹೇಳಿದರೆ ಸಾಕು.

2. ಡಿಎಂ ಜೊತೆ ಕೂತು ನಿಯಮ ನೋಡಿ

1974ರಲ್ಲಿ ಮೊದಲು ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೀರಾದರೆ ಇಲ್ಲೊಂದು ತೊಡಕಿದೆ. ಅದರಲ್ಲಿ ಬಹಳಷ್ಟು ಮಂತ್ರಗಳನ್ನು ಬಾಯಿಬಿಟ್ಟು ಹೇಳಲೇಬೇಕು. ಮಾಂತ್ರಿಕರ ಪಾತ್ರ ಬೇಕೆಂದರೆ ಪಟ್ಟಿಯಲ್ಲಿ ‘ವಿ’ (ವರ್ಬಲ್, ಅಂದರೆ ಬಾಯಲ್ಲಿ ಹೇಳುವಂಥದ್ದು) ಅಕ್ಷರ ಇಲ್ಲದ ಮಂತ್ರಗಳನ್ನು ಹುಡುಕಿ. ಮೈನರ್ ಇಲ್ಯೂಷನ್‌ಗೆ ಕೈಸನ್ನೆ ಮತ್ತು ಒಂದು ಚೂರು ಉಣ್ಣೆ ಸಾಕು. ಅದರಿಂದ ಐದು ಅಡಿಯೊಳಗಿನ ಚಿತ್ರವನ್ನು ಎದುರಿಗೆ ನಿಲ್ಲಿಸಬಹುದು, ಮಾತಿಲ್ಲದವರಿಗೆ ಇದಕ್ಕಿಂತ ಒಳ್ಳೆಯ ಮಂತ್ರ ಇಲ್ಲ. ಎದುರಾಳಿಯ ಮಂತ್ರ ತಡೆಯುವ ಕೌಂಟರ್‌ಸ್ಪೆಲ್‌ಗೂ ಕೈ ಮಾತ್ರ ಸಾಕು. ಸಾರ್ಸರರ್ (ಹುಟ್ಟಿನಿಂದಲೇ ಮಂತ್ರಶಕ್ತಿ ಇರುವ ಮಾಂತ್ರಿಕ) ಆದರೆ ಸಟಲ್ ಸ್ಪೆಲ್ ಎಂಬ ವಿದ್ಯೆಯಿಂದ ಆ ಶಕ್ತಿಯ ಒಂದು ಪಾಯಿಂಟ್ ಖರ್ಚು ಮಾಡಿ ಸದ್ದಿಲ್ಲದೆ ಮಂತ್ರ ಹಾಕಬಹುದು.

ಮನಸ್ಸಿನಿಂದ ಮನಸ್ಸಿಗೆ ಮಾತಾಡುವ ಟೆಲಿಪತಿ ಮಾತ್ರ ತೆಗೆದುಕೊಳ್ಳಬೇಡಿ. ಅದು ಬಂದರೆ ಈ ಪಾತ್ರ ಆಡುವುದರಲ್ಲಿ ಅರ್ಥವೇ ಉಳಿಯುವುದಿಲ್ಲ.

ಗುಂಪಿನಲ್ಲಿ ಒಬ್ಬರಿಗೆ, ಒಬ್ಬರಿಗೆ ಮಾತ್ರ, ನಿಮ್ಮ ಸಂಜ್ಞೆ ಪೂರ್ತಿ ಅರ್ಥವಾಗಲಿ. ಅವರು ಗುಂಪಿನ ಅತಿ ಮಾತುಗಾರ ಆಗಿರಬಾರದು. ಅಂಥವರ ಕೈಗೆ ಕೊಟ್ಟರೆ ನಿಮ್ಮ ಪಾತ್ರವನ್ನೂ ಅವರೇ ಆಡಿಬಿಡುತ್ತಾರೆ.

3. ನಾಲ್ಕು ಸನ್ನೆ ಗಟ್ಟಿ ಮಾಡಿಕೊಳ್ಳಿ

ಹೌದು, ಬೇಡ, ಅಪಾಯ, ನನ್ನ ಹಿಂದೆ ಬಾ. ಅಷ್ಟು ಸಾಕು.

4. ಒಂದು ವಿಷಯ ತಿಳಿಸುವುದು: ಎಲ್ಲರೂ ಎಡವುವುದು ಇಲ್ಲೇ

ಒಂದು ಆಟವನ್ನೇ ಇಟ್ಟುಕೊಂಡು ಹೇಳುತ್ತೇನೆ. ಕಥೆ ನಡೆಯುವುದು ಗದಗ ಹತ್ತಿರದ ಲಕ್ಕುಂಡಿಯಲ್ಲಿ, ಚಾಲುಕ್ಯರ ಕಾಲ. ಆಗ ಅದು ಲೊಕ್ಕಿಗುಂಡಿ, ಟಂಕಸಾಲೆ ಇದ್ದ ಊರು. ಮಾತು ಬಾರದ ಚೆನ್ನವ್ವ ಅಲ್ಲಿ ನಾಣ್ಯ ಒತ್ತುತ್ತಿದ್ದವಳು. ಕೈಗೆ ಬಂದ ಗದ್ಯಾಣದಲ್ಲಿ, ಅಂದರೆ ಬಂಗಾರದ ನಾಣ್ಯದಲ್ಲಿ, ತಾಮ್ರ ಬೆರೆತಿದೆ ಎಂದು ಅವಳಿಗೆ ಗೊತ್ತಾಗಿದೆ. ಜೊತೆಗಾರರಿಗೆ ತಿಳಿಸಬೇಕು, ಅವರಲ್ಲಿ ಅವಳ ಅಣ್ಣನೂ ಇದ್ದಾನೆ.

ಸಾಮಾನ್ಯವಾಗಿ ಏನಾಗುತ್ತದೆ? ಆಡುವವರು ಎದ್ದು ನಿಂತು ಮೂಕಾಭಿನಯ ಶುರು ಮಾಡುತ್ತಾರೆ. ಕೊರಳು ತೋರಿಸಿ ಬಂಗಾರ, ಕೈ ತಿರುಗಿಸಿ ಬೆರಕೆ, ತಾಮ್ರಕ್ಕೆ ಏನು ಮಾಡಬೇಕೋ ತಿಳಿಯದೆ ತಂಬಿಗೆ ಹಿಡಿದ ಹಾಗೆ ಕೈ. ಉಳಿದವರು ‘ನೀರೇನು? ಬಾವಿಯೇನು?’ ಎಂದು ಕೂಗುತ್ತಾರೆ. ಹತ್ತು ನಿಮಿಷ ಹೋಯಿತು, ಕಥೆ ನಿಂತಿತು. ಕಾಲೇಜಿನ ಯುವಜನೋತ್ಸವಕ್ಕೆ ಮೂಕಾಭಿನಯ ಚಂದ, ಇಲ್ಲಿ ಬೇಡ.

ಮೊದಲು ಎಲ್ಲರ ಗಮನ ಸೆಳೆಯಿರಿ. ನಮ್ಮ ಕಡೆ ನಾಲ್ಕು ಮಂದಿ ಕೂಡಿದರೆ ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬಿದ್ದೇ ಬೀಳುತ್ತದೆ. ಅದರ ನಡುವೆ ಸನ್ನೆ ಯಾರಿಗೂ ಕಾಣುವುದಿಲ್ಲ. ಟೇಬಲ್ ಮೇಲೆ ಬೆರಳಿನಿಂದ ಎರಡು ಸಲ ಕುಟ್ಟಿದರೆ ‘ಚೆನ್ನವ್ವ ಏನೋ ಮಾಡುತ್ತಿದ್ದಾಳೆ’ ಎಂದರ್ಥ, ಎಲ್ಲರೂ ಮಾತು ನಿಲ್ಲಿಸಬೇಕು. ಇದನ್ನು ಮೊದಲೇ ಒಪ್ಪಿಸಿಕೊಳ್ಳಿ. ಈ ಒಂದು ಕರಾರು ಇಲ್ಲದೆ ಮಾತಿಲ್ಲದ ಪಾತ್ರ ಹಿಡಿಯಲೇಬೇಡಿ.

ಆಮೇಲೆ ಕಣ್ಣಿಗೆ ಕಾಣುವುದನ್ನಷ್ಟೇ ಬಾಯಲ್ಲಿ ಹೇಳಿ, ಅರ್ಥ ಬಿಡಿಸಬೇಡಿ. ಗಾಳಿಯಲ್ಲಿ ಚಿತ್ರ ಬರೆಯುವ ಬದಲು ಅಲ್ಲೇ ಇರುವ ವಸ್ತು ಹಿಡಿಯಿರಿ. ಹೀಗೆ: ‘ಚೆನ್ನವ್ವ ಸೊಂಟದ ಚೀಲದಿಂದ ಒರೆಗಲ್ಲು ತೆಗೆದಳು. ನಾಣ್ಯವನ್ನು ಅದರ ಮೇಲೆ ತಿಕ್ಕಿದಳು. ಕೆಂಪಗೆ ಬಂದ ಗೀರನ್ನು ಅಣ್ಣನ ಕಣ್ಣೆದುರು ಹಿಡಿದಳು. ನಾಣ್ಯವನ್ನು ಅವನ ಕೈಗೆ ಕೊಡದೆ ನೆಲಕ್ಕೆ ಒಗೆದಳು.’

ಅಣ್ಣನ ಪಾತ್ರದವರು ಕೇಳುತ್ತಾರೆ: ‘ಯಾಕ ತಂಗಿ, ಬಂಗಾರ ಅಲ್ಲೇನು ಇದು?’ ನೀವು ತಲೆ ಅಲ್ಲಾಡಿಸಿದರೆ ಮುಗಿಯಿತು. ಅರ್ಧ ನಿಮಿಷದ ಕೆಲಸ. ಸಿಟ್ಟು, ಕಸುಬಿನ ಹೆಮ್ಮೆ ಎರಡೂ ಕಂಡವು, ಅಲ್ವಾ?

ಒಂದು ಸಲಕ್ಕೆ ಒಂದೇ ವಿಷಯ. ನಾಣ್ಯ ಖೋಟಾ ಎಂಬುದು ಒಂದು, ಕೊಟ್ಟವನು ಬಾಗಿಲ ಕಾವಲುಗಾರ ಎಂಬುದು ಇನ್ನೊಂದು. ಎರಡನ್ನೂ ಒಟ್ಟಿಗೆ ತುರುಕಿದರೆ ಯಾವುದೂ ದಾಟುವುದಿಲ್ಲ. ಮೊದಲನೆಯದು ತಲುಪಿದ ಮೇಲೆ ಬಾಗಿಲ ಕಡೆ ನೋಡಿ.

ಇನ್ನು ತಪ್ಪು ತಿಳಿದರೆ? ‘ಕಾವಲುಗಾರಗ ತೋರಿಸೋಣು ಅಂತಾಳ’ ಎಂದು ಅಣ್ಣ ಎದ್ದು ಹೊರಟ ಎನ್ನಿ. ಆಟದಾಚೆ ನಿಂತು ‘ಅಯ್ಯೋ, ಅದಲ್ಲ!’ ಎಂದು ತಿದ್ದಬೇಡಿ. ಅವನ ತೋಳು ಹಿಡಿದೆಳೆಯಿರಿ, ಅಡ್ಡ ನಿಲ್ಲಿ. ಅಷ್ಟರಲ್ಲಿ ಕಾವಲುಗಾರ ನೋಡಿಬಿಟ್ಟರೆ ನೋಡಲಿ. ಒಳ್ಳೆಯ ಕಥೆ ಹುಟ್ಟುವುದು ಇಂಥ ಕಡೆಯೇ. ಎರಡು ಸಲ ಯತ್ನಿಸಿಯೂ ತಿಳಿಯದಿದ್ದರೆ ಆಗ ಡಿಎಂ ದಾಳ ಉರುಳಿಸಲು ಹೇಳಲಿ. ಪ್ರತಿ ಸನ್ನೆಗೂ ದಾಳ ಎಸೆಯುವ ಡಿಎಂಗಳಿದ್ದಾರೆ, ಅವರಿಗೆ ಈ ಪ್ಯಾರಾ ತೋರಿಸಿ.

5. ಬರೆದು ತೋರಿಸುವುದಕ್ಕೆ ಮಿತಿ ಇರಲಿ

ಚೀಟಿ ಬರೆಯುತ್ತಾ ಕೂತರೆ ಎಲ್ಲರೂ ನಿಮ್ಮ ಪೆನ್ನು ನೋಡುತ್ತಾ ಕಾಯಬೇಕಾಗುತ್ತದೆ. ಒಂದು ದೃಶ್ಯಕ್ಕೆ ಮೂರು ಪದ, ಅಷ್ಟೇ. ಅದಕ್ಕೂ ಶಾಲಾ ಮಕ್ಕಳ ಪಾಟಿ, ಬಳಪವೇ ಒಳ್ಳೆಯದು. ಅಗ್ಗದ ಪುಟ್ಟ ವೈಟ್‌ಬೋರ್ಡ್ ಕೊಳ್ಳಬೇಡಿ. ಸ್ವಲ್ಪ ದಿನಕ್ಕೆ ಒರೆಸಿದರೂ ಮಸಿ ಹೋಗುವುದಿಲ್ಲ. ಬರೆದದ್ದನ್ನು ಓದಿ ಹೇಳುವ ಮೊಬೈಲ್ ಆ್ಯಪ್ ಕೂಡ ಬೇಡ, ದೃಶ್ಯದ ಬಿಸಿ ಆರಿಹೋಗುತ್ತದೆ. ಆಡುವವರಿಗೇ ನಿಜವಾಗಿ ಮಾತು ಕಷ್ಟವಿದ್ದರೆ ವಿಷಯ ಬೇರೆ. ಅವರು ಯಾವ ಸಾಧನ ಬಳಸಿದರೂ ಟೇಬಲ್ಲು ಅದಕ್ಕೆ ಹೊಂದಿಕೊಳ್ಳಬೇಕು.

6. ಹೊಡೆದಾಟ

ಇಲ್ಲಿ ಏನೂ ಬದಲಾಗದು, ದಾಳ ಎಸೆಯಿರಿ. ಒಂದು ಸಂದರ್ಭ ಮಾತ್ರ ಕಾದು ನೋಡಿ: ಎದುರಾಳಿ ಸೈಲೆನ್ಸ್ ಮಂತ್ರ ಹಾಕಿದರೆ ಇಪ್ಪತ್ತು ಅಡಿ ತ್ರಿಜ್ಯದೊಳಗೆ ಯಾರ ಸದ್ದೂ ಹೊರಡದು. ಎಲ್ಲರೂ ಕಂಗಾಲಾದಾಗ ಸನ್ನೆಯಲ್ಲಿ ಪಳಗಿದವಳು ಚೆನ್ನವ್ವ ಒಬ್ಬಳೇ. ಮುಂದಾಳತ್ವ ಹಿಡಿಯಿರಿ.

7. ಡಿಎಂ ಮಾಡಬೇಕಾದ್ದು

ಕಥೆಯಲ್ಲಿ ಬರುವ ಅಂಗಡಿಯವ, ಅಗಸೆ ಬಾಗಿಲ ಕಾವಲುಗಾರ, ದೇಸಾಯರು ಎಲ್ಲರೂ ಚೆನ್ನವ್ವನನ್ನೇ ನೋಡಿ ಮಾತಾಡಲಿ. ‘ಇವಳು ಏನಂತಾಳ?’ ಎಂದು ಪಕ್ಕದವನನ್ನು ಕೇಳಿದರೆ ಅವಳು ಕಥೆಯಿಂದ ಹೊರಗೆ ಬಿದ್ದಳು ಎಂದೇ ಲೆಕ್ಕ. ಸುತ್ತು ಬಂದಾಗಲೆಲ್ಲ ‘ಚೆನ್ನವ್ವ ಏನು ಮಾಡುತ್ತಾಳೆ?’ ಎಂದು ಕೇಳಿ. ಹೊಸಬರಿದ್ದರೆ ಒಂದೇ ಸಂಜೆಗೆ ಮುಗಿಯುವ ಕಥೆಯಲ್ಲಿ ಮೊದಲು ಆಡಿಸಿ, ಇಷ್ಟವಾದರೆ ದೊಡ್ಡ ಕಥೆಗೆ ಕರೆದುಕೊಳ್ಳಿ.