ಬೈಕ್ ಟೈರ್ ಬದಲಿಸುವುದು: ಅಳತೆ ನೋಡುವುದರಿಂದ ಗಾಳಿ ಹೊಡೆಯುವವರೆಗೆ

ಟೈರ್ ಅಂಗಡಿಯಲ್ಲಿ ಮೊದಲು ಬರುವ ಪ್ರಶ್ನೆ ‘ಯಾವ ಕಂಪನಿದು ಕೊಡ್ಲಿ?’ ಎನ್ನುವುದು. ನಿಜಕ್ಕೂ ಅದು ಕೊನೆಯಲ್ಲಿ ಯೋಚಿಸಬೇಕಾದ ವಿಷಯ. ಅಳತೆ, ಭಾರದ ಸಂಖ್ಯೆ, ತಯಾರಾದ ವಾರ, ಟ್ಯೂಬ್ ಬೇಕೋ ಬೇಡವೋ, ಇಷ್ಟು ಸರಿಯಿದ್ದರೆ ಹೆಸರಿರುವ ಯಾವ ಕಂಪನಿಯ ಟೈರಾದರೂ ನಡೆಯುತ್ತದೆ. ಇವುಗಳಲ್ಲಿ ಒಂದು ತಪ್ಪಿದರೂ ಕೊಟ್ಟ ದುಡ್ಡು ದಂಡ. ನಮ್ಮ ರಸ್ತೆಗಳಲ್ಲಿ ಎಲ್ಲೆಲ್ಲೂ ಕಾಣುವ ಸ್ಪ್ಲೆಂಡರ್ ಪ್ಲಸ್ ಅನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಹಿಂದೆ ಡ್ರಮ್ ಬ್ರೇಕ್ ಇರುವ ಬೇರೆ ಬೈಕ್‌ಗಳಿಗೂ ಕೆಲಸ ಹೆಚ್ಚುಕಡಿಮೆ ಇದೇ.

ಬದಲಿಸುವ ಹೊತ್ತು ಬಂದಿದೆಯೇ?

ಟೈರಿನ ಪಕ್ಕದಲ್ಲಿ ಪುಟ್ಟ ತ್ರಿಕೋನ ಅಥವಾ ‘ಟಿಡಬ್ಲ್ಯೂಐ’ (ಸವೆತದ ಸೂಚಕ) ಎಂಬ ಇಂಗ್ಲಿಷ್ ಅಕ್ಷರಗಳಿರುತ್ತವೆ. ಅಲ್ಲಿಂದ ನೇರವಾಗಿ ಮೇಲಕ್ಕೆ, ಬಟನ್‌ಗಳ, ಎಂದರೆ ನೆಲಕ್ಕೆ ತಾಗುವ ರಬ್ಬರ್ ಉಬ್ಬುಗಳ, ನಡುವಿನ ಗೀರಿನ ತಳ ನೋಡಿ. ಒಂದು ಸಣ್ಣ ದಿಬ್ಬ ಕಾಣುತ್ತದೆ. ಬಟನ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂತೆಂದರೆ ಟೈರಿನ ಆಯುಸ್ಸು ಮುಗಿಯಿತು. ದ್ವಿಚಕ್ರ ವಾಹನಕ್ಕೆ ಕೇಂದ್ರ ಮೋಟಾರು ವಾಹನ ನಿಯಮ ಹೇಳುವ ಕನಿಷ್ಠ ಆಳ 0.8 ಮಿ.ಮೀ. ಅದು ಕಾನೂನಿನ ಗಡಿ ಅಷ್ಟೇ, ಸುರಕ್ಷತೆಯ ಗಡಿಯಲ್ಲ. ಒದ್ದೆ ರಸ್ತೆಯಲ್ಲಿ ಟೈರಿನಡಿಯ ನೀರು ಹೊರಗೆ ಹೋಗುವುದು ಆ ಗೀರುಗಳಿಂದಲೇ. ಆಗುಂಬೆ, ಚಾರ್ಮಾಡಿ ಕಡೆ ಓಡಾಡುವವರು ಮೇ ತಿಂಗಳಲ್ಲೇ ಅಳೆದು ನೋಡಿ, 2 ಮಿ.ಮೀ.ಗಿಂತ ಕಡಿಮೆ ಉಳಿದಿದ್ದರೆ ಮಳೆ ಹಿಡಿಯುವ ಮುಂಚೆ ಬದಲಿಸುವುದು ಲೇಸು.

ಬಟನ್ ಚೆನ್ನಾಗಿದ್ದರೂ ಟೈರ್ ಹಾಳಾಗಿರಬಹುದು. ಪಕ್ಕದಲ್ಲಿ ನಿಂಬೆಹಣ್ಣಿನಂತೆ ಉಬ್ಬಿದ್ದರೆ ಗುಂಡಿಗೆ ಬಡಿದು ಒಳಗಿನ ನೂಲಿನ ಪದರ ಹರಿದಿದೆ ಎಂದರ್ಥ. ಅದು ಯಾವಾಗ ಬೇಕಾದರೂ ಸಿಡಿಯಬಹುದು. ಪಕ್ಕದ ರಬ್ಬರಿನಲ್ಲೂ ಗೀರಿನ ತಳದಲ್ಲೂ ಕೂದಲೆಳೆ ಬಿರುಕು ಹಬ್ಬಿದ್ದರೆ ರಬ್ಬರ್ ಮುದಿಯಾಗಿದೆ. ಮುಂದಿನ ಟೈರಿಗೆ ಇದು ಹೆಚ್ಚು. ಅದು ನಿಧಾನಕ್ಕೆ ಸವೆಯುವುದರಿಂದ ವರ್ಷಗಟ್ಟಲೆ ಉಳಿದು, ಬಟನ್ ಮುಗಿಯುವ ಮೊದಲೇ ಗಟ್ಟಿಯಾಗುತ್ತದೆ.

ಸವೆತದ ರೀತಿಯೂ ಮಾತಾಡುತ್ತದೆ. ನಡುಭಾಗ ಮಾತ್ರ ಚಪ್ಪಟೆಯಾಗಿದ್ದರೆ ಗಾಳಿ ಹೆಚ್ಚಿತ್ತು, ಇಲ್ಲವೇ ನೇರ ಹೆದ್ದಾರಿ ಓಟವೇ ಜಾಸ್ತಿ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ. ಒಂದೇ ಪಕ್ಕ ಸವೆದಿದ್ದರೆ ಹಿಂದಿನ ಚಕ್ರ ಓರೆಯಾಗಿ ಕೂತಿರಬಹುದು. ಮುಂದಿನ ಟೈರಿನ ಬಟನ್‌ಗಳು ಅಲೆಯಲೆಯಾಗಿ ಸವೆದಿದ್ದರೆ ಚಕ್ರದ ಬೇರಿಂಗ್, ಹ್ಯಾಂಡಲ್ ತಿರುಗುವ ಬೇರಿಂಗ್ ಆದ ಕೋನ್‌ಸೆಟ್, ಫೋರ್ಕ್ ಎಣ್ಣೆ ಮೂರನ್ನೂ ನೋಡಬೇಕು. ಮೂಲ ದೋಷ ಸರಿಮಾಡದೆ ಹೊಸ ಟೈರ್ ಹಾಕಿದರೆ ಅದೂ ಹಾಗೇ ಸವೆಯುತ್ತದೆ.

ಟೈರಿನ ಮೇಲೆ ಬರೆದಿರುವುದು

ಸ್ಪ್ಲೆಂಡರ್ ಪ್ಲಸ್‌ನ ಎರಡೂ ಟೈರಿನ ಅಳತೆ 80/100-18. ಅಗಲ 80 ಮಿ.ಮೀ., ಪಕ್ಕದ ಎತ್ತರ ಆ ಅಗಲದ ನೂರಕ್ಕೆ 100 ಭಾಗ, ಎಂದರೆ ಮತ್ತೆ 80 ಮಿ.ಮೀ., ರಿಮ್ 18 ಇಂಚು. ಹಳೆಯ ಬೈಕ್‌ಗಳಲ್ಲಿ ಕಾಣುವ 2.75-18 ಇದಕ್ಕೆ ಸಮೀಪದ ಅಳತೆ, ಇಂಚಿನ ಲೆಕ್ಕದಲ್ಲಿ ಬರೆದದ್ದು.

ಎರಡೂ ಒಂದೇ ಅಳತೆ ಎಂದು ಯಾವುದೋ ಒಂದನ್ನು ತಂದು ಹಿಂದೆ ಹಾಕುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ಅಳತೆಯ ಮುಂದಿರುವ ಸಂಖ್ಯೆ ನೋಡಿ: ಮುಂದಿನದಕ್ಕೆ 47ಪಿ, ಹಿಂದಿನದಕ್ಕೆ 54ಪಿ. 47 ಎಂದರೆ ಟೈರ್ 175 ಕೆ.ಜಿ. ಹೊರಬಲ್ಲದು, 54 ಎಂದರೆ 212 ಕೆ.ಜಿ. ಹೆಂಡತಿ, ಮಗು, ಅಕ್ಕಿ ಮೂಟೆ, ಹಾಲಿನ ಕ್ಯಾನ್ ಎಲ್ಲದರ ಭಾರ ಬೀಳುವುದು ಹಿಂದಿನ ಟೈರಿನ ಮೇಲೆ. ಪಿ ಅಕ್ಷರ ವೇಗದ ಮಿತಿ, ಗಂಟೆಗೆ 150 ಕಿ.ಮೀ.; ಎಲ್ ಇದ್ದರೆ 120, ಎಸ್ ಇದ್ದರೆ 180. ಭಾರದ ಸಂಖ್ಯೆಯಾಗಲಿ ವೇಗದ ಅಕ್ಷರವಾಗಲಿ ಕಂಪನಿ ಕೊಟ್ಟದ್ದಕ್ಕಿಂತ ಮೇಲಿದ್ದರೆ ತೊಂದರೆಯಿಲ್ಲ, ಕೆಳಗಿರಬಾರದು.

ತಯಾರಾದ ದಿನಾಂಕ ನಾಲ್ಕು ಅಂಕಿಗಳಲ್ಲಿ ಅಚ್ಚಾಗಿರುತ್ತದೆ. 2324 ಎಂದಿದ್ದರೆ 2024ರ 23ನೇ ವಾರ. ಹೊಸ ಟೈರಿಗೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿಯಡಿ ಇದು ಮುಚ್ಚಿಹೋಗಿರುತ್ತದೆ, ಸಂಕೋಚಪಡದೆ ಬಿಚ್ಚಿಸಿ ನೋಡಿ. ಒಂದು ವರ್ಷದೊಳಗಿನದಾದರೆ ಚಿಂತೆಯಿಲ್ಲ. ಎರಡು ವರ್ಷ ದಾಟಿದ್ದರೆ ಬೇರೆ ಕೊಡಿ ಎನ್ನಿ. ಅಂಗಡಿ ಮುಂದೆ ಬಿಸಿಲಿಗೆ ನೇತುಹಾಕಿದ ಟೈರ್ ಹೊಸ ತಾರೀಖಿನದಾದರೂ ಬೇಡ. ಐಎಸ್‌ಐ ಗುರುತು ಇರಲೇಬೇಕು. ದ್ವಿಚಕ್ರದ ಟೈರಿಗೆ ಅದರ ಜೊತೆಗಿರುವ ಮಾನಕ ಸಂಖ್ಯೆ ಐಎಸ್ 15627.

ಸೆಕೆಂಡ್ ಹ್ಯಾಂಡ್ ಟೈರ್, ರಿಸೋಲ್ ಮಾಡಿದ (ಸವೆದದ್ದರ ಮೇಲೆ ಹೊಸ ರಬ್ಬರ್ ಅಂಟಿಸಿದ) ಟೈರ್ ಬೈಕಿಗೆ ಬೇಡವೇ ಬೇಡ. ಸವೆದ ಟೈರಿನಲ್ಲಿ ಬಿಸಿ ಬ್ಲೇಡಿನಿಂದ ಗೀರು ಕೊರೆದು ‘ಬಟನ್ ಇದೆ’ ಎಂದು ಮಾರುವುದೂ ಉಂಟು. ಟಿಡಬ್ಲ್ಯೂಐ ದಿಬ್ಬವನ್ನೂ ಸೇರಿಸಿ ಕೊರೆದಿರುವುದೇ ಅದರ ಗುರುತು.

ದಪ್ಪ ಟೈರಿನ ಆಸೆ

‘ಒಂದು ಸೈಜ್ ದಪ್ಪ ಹಾಕ್ಸಿ, ಗ್ರಿಪ್ ಚೆನ್ನಾಗಿರುತ್ತೆ’ ಎಂಬ ಸಲಹೆ ಸಿಗದ ಅಂಗಡಿಯಿಲ್ಲ. ಲೆಕ್ಕ ಹಾಕಿ ನೋಡಿ. 18 ಇಂಚು ಎಂದರೆ 457 ಮಿ.ಮೀ.; ಅದಕ್ಕೆ ಎರಡು ಕಡೆಯ ಎತ್ತರ ಸೇರಿಸಿದರೆ 80/100ರ ಒಟ್ಟು ವ್ಯಾಸ 617 ಮಿ.ಮೀ. 90/90ರದ್ದು 619, ವ್ಯತ್ಯಾಸ ಇಲ್ಲವೆನ್ನುವಷ್ಟು. 100/90ರದ್ದು 637. ವ್ಯಾಸ 20 ಮಿ.ಮೀ. ಹಿಗ್ಗಿದರೆ ಗೇರ್ ಭಾರವಾಗುತ್ತದೆ, ಪಿಕಪ್ ಇಳಿಯುತ್ತದೆ, ಮೈಲೇಜ್ ಕೈಕೊಡುತ್ತದೆ, ಚೈನ್ ಕವರಿಗೋ ಮಡ್‌ಗಾರ್ಡಿಗೋ ಉಜ್ಜುತ್ತದೆ. ಅದಕ್ಕಿಂತ ಮುಖ್ಯವಾಗಿ, ಕಿರಿದಾದ ರಿಮ್ಮಿಗೆ ಅಗಲ ಟೈರ್ ಹಾಕಿದಾಗ ಅಂಚುಗಳು ಒಳಕ್ಕೆ ಹಿಂಡಿಕೊಂಡು ಟೈರ್ ಗುಂಡಗಾಗುತ್ತದೆ. ನೆಲಕ್ಕೆ ತಾಗುವ ಜಾಗ ನೀವು ಎಣಿಸಿದಷ್ಟು ಹೆಚ್ಚುವುದಿಲ್ಲ, ತಿರುವಿನಲ್ಲಿ ಬೈಕ್ ಓಲಾಡುತ್ತದೆ. ದಪ್ಪ ಬೇಕೇ ಬೇಕೆಂದರೆ ಹಿಂದಕ್ಕೆ 90/90-18 ಕಡೆಯ ಮಿತಿ. ಅದೂ ರಿಮ್ ಅಗಲಕ್ಕೆ ಆ ಟೈರ್ ಹೊಂದುತ್ತದೆಂದು ಕಂಪನಿಯ ಪಟ್ಟಿಯಲ್ಲಿ ಖಚಿತಪಡಿಸಿಕೊಂಡ ಮೇಲೆ. ಮುಂದಿನದನ್ನು ಮುಟ್ಟಬೇಡಿ.

ಟ್ಯೂಬೋ, ಟ್ಯೂಬ್‌ಲೆಸ್ಸೋ

ಅಲಾಯ್ ಚಕ್ರ ಇದ್ದ ಮಾತ್ರಕ್ಕೆ ಟ್ಯೂಬ್‌ಲೆಸ್ ಆಗುವುದಿಲ್ಲ. ಹಳೆಯ ಅಲಾಯ್ ಸ್ಪ್ಲೆಂಡರ್‌ಗಳು ಟ್ಯೂಬ್ ಟೈರಿನವೇ. ಗಾಳಿ ಹೊಡೆಯುವ ವಾಲ್ ಉದ್ದನೆಯ ಲೋಹದ್ದಾಗಿದ್ದು ಬುಡದಲ್ಲಿ ನಟ್ ಇದ್ದರೆ ಟ್ಯೂಬ್ ಇದೆ. ಗಿಡ್ಡ ರಬ್ಬರ್ ವಾಲ್ ಆದರೆ ಟ್ಯೂಬ್‌ಲೆಸ್. ಟ್ಯೂಬ್‌ಲೆಸ್ ಟೈರನ್ನು ಟ್ಯೂಬ್ ಸಮೇತ ಕಡ್ಡಿ ಚಕ್ರಕ್ಕೆ ಹಾಕಬಹುದು, ಆದರೆ ಟ್ಯೂಬ್‌ಲೆಸ್‌ನ ಲಾಭವೇನೂ ಸಿಗದು. ಟ್ಯೂಬ್ ಟೈರಿನ ರಿಮ್ಮಿಗೆ ಟ್ಯೂಬ್ ಇಲ್ಲದೆ ಟೈರ್ ಹಾಕುವುದು ಅಪಾಯ: ರಿಮ್ಮಿಗೆ ಕೂರುವ ಟೈರಿನ ಒಳ ಅಂಚನ್ನು ಹಿಡಿದು ನಿಲ್ಲಿಸುವ ಉಬ್ಬು ಆ ರಿಮ್ಮಿನಲ್ಲಿಲ್ಲ, ಗಾಳಿ ಇಳಿದೊಡನೆ ಟೈರ್ ಜಾರಿ ನಡುವಿನ ತಗ್ಗಿಗೆ ಬೀಳುತ್ತದೆ.

ಟ್ಯೂಬ್‌ಲೆಸ್ ಅಲಾಯ್ ಚಕ್ರವಾದರೆ ಬಿಚ್ಚಿಕೊಂಡು ಹೋಗಿ ಮೆಷಿನ್ ಇರುವ ಅಂಗಡಿಯಲ್ಲೇ ಹಾಕಿಸಿ, ವಾಲ್ ಕೂಡ ಹೊಸದು ಹಾಕಿಸಿ. ಟೈರ್ ಎಬ್ಬಿಸುವ ಲಿವರ್ ತಾಗಿ ಅಂಚಿನಲ್ಲಿ ಗೀರಾದರೆ ಗಾಳಿ ಅಲ್ಲಿಂದಲೇ ಸೋರುತ್ತದೆ. ಮುಂದೆ ಹೇಳುವುದು ಟ್ಯೂಬ್ ಇರುವ ಹಿಂದಿನ ಚಕ್ರಕ್ಕೆ.

ಚಕ್ರ ಬಿಚ್ಚುವುದು

ಬೇಕಾದವು: ನಟ್ಟುಗಳ ಅಳತೆಯ ರಿಂಗ್ ಸ್ಪ್ಯಾನರ್, ಕಟಿಂಗ್ ಪ್ಲೈಯರ್, ಮೊನೆ ಮೊಂಡಾದ ಟೈರ್ ಲಿವರ್ ಎರಡು ಅಥವಾ ಮೂರು, ವಾಲ್ ಒಳಗಿನ ಪಿನ್ ಬಿಚ್ಚುವ ಕೀ, ಸೋಪಿನ ನೀರು, ಟಾಲ್ಕಂ ಪೌಡರ್, ಪಂಪ್, ಗೇಜ್. ಹೊಸ ಟ್ಯೂಬ್ ಮತ್ತು ಹೊಸ ಸ್ಪ್ಲಿಟ್ ಪಿನ್ ಮೊದಲೇ ತಂದಿಟ್ಟುಕೊಳ್ಳಿ. ಹಳೆ ಟ್ಯೂಬ್ ಹಿಗ್ಗಿರುತ್ತದೆ; ಹೊಸ ಟೈರಿನೊಳಗೆ ಮಡಚಿಕೊಂಡು ಆ ಮಡಿಕೆಯಲ್ಲೇ ಹರಿಯುತ್ತದೆ.

ಗಟ್ಟಿ ನೆಲದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ. ಬ್ರೇಕ್ ರಾಡಿನ ತುದಿಯ ನಟ್ ಬಿಚ್ಚಿ, ಅದರ ಸ್ಪ್ರಿಂಗ್ ಮತ್ತು ಪಿನ್ನನ್ನು ರಾಡಿಗೇ ಸೇರಿಸಿಡಿ. ಬ್ರೇಕ್ ಪ್ಲೇಟನ್ನು ಹಿಡಿದಿರುವ ಟಾರ್ಕ್ ರಾಡಿನ ಸ್ಪ್ಲಿಟ್ ಪಿನ್ ತೆಗೆದು ಬೋಲ್ಟ್ ಬಿಚ್ಚಿ. ಈಗ ಚಕ್ರದ ನಡುವಿನ ಅಚ್ಚು, ಎಕ್ಸೆಲ್. ಚೈನ್ ಕಡೆ ಒಂದರ ಹಿಂದೊಂದು ಎರಡು ನಟ್ ಕಾಣುತ್ತವೆ. ಹೊರಗಿನ ಚಿಕ್ಕದನ್ನು ಮಾತ್ರ ಬಿಚ್ಚಿ. ಒಳಗಿನ ದೊಡ್ಡದು ಸ್ಲೀವ್ ನಟ್. ಅದು ಚೈನ್ ಕೂರುವ ಹಲ್ಲುಚಕ್ರವಾದ ಸ್ಪ್ರಾಕೆಟ್ಟನ್ನು ಹಿಡಿದಿರುವುದರಿಂದ ಚಕ್ರ ಹೊರಬಂದರೂ ಸ್ಪ್ರಾಕೆಟ್, ಚೈನ್ ಇದ್ದಲ್ಲೇ ಇರುತ್ತವೆ, ಚೈನಿನ ಬಿಗಿಯೂ ಬದಲಾಗುವುದಿಲ್ಲ. ಎಕ್ಸೆಲ್ ಎಳೆಯುವಾಗ ಬೀಳುವ ಬುಷ್ ಯಾವ ಕಡೆಯದು, ಯಾವ ಮುಖ ಹೊರಗಿತ್ತು ಎಂದು ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಚಕ್ರವನ್ನು ಸ್ಪ್ರಾಕೆಟ್ ಕಡೆಯಿಂದ ದೂರ ಎಳೆದು, ಬೈಕನ್ನು ತುಸು ವಾಲಿಸಿ ಹೊರತೆಗೆಯಿರಿ. ವಾಲಿಸುವಾಗ ಇನ್ನೊಬ್ಬರು ಹಿಡಿದುಕೊಂಡಿರಲಿ.

ಹೇಗೂ ಬಿಚ್ಚಿದ್ದೀರಿ: ಬೇರಿಂಗಿನೊಳಗೆ ಬೆರಳಿಟ್ಟು ತಿರುಗಿಸಿ, ಗರಗರ ಎಂದರೆ ಬದಲಿಸಿ. ಚಕ್ರಕ್ಕೂ ಸ್ಪ್ರಾಕೆಟ್ಟಿಗೂ ನಡುವಿನ ಕಪ್ಲಿಂಗ್ ರಬ್ಬರ್ ಸಡಿಲಾಗಿದ್ದರೆ ಅದನ್ನೂ. ಬ್ರೇಕ್ ಶೂ ನೋಡಿ.

ಟೈರ್ ತೆಗೆದು ಹಾಕುವುದು

ವಾಲ್ ಪಿನ್ ತೆಗೆದು ಗಾಳಿ ಪೂರ್ತಿ ಬಿಡಿ. ಎರಡೂ ಕಡೆ ಅಂಚನ್ನು ರಿಮ್ಮಿನಿಂದ ತುಳಿದು ಬಿಡಿಸಿ, ಸೋಪಿನ ನೀರು ಹಚ್ಚಿ. ಇಡೀ ಕೆಲಸದ ಗುಟ್ಟು ರಿಮ್ಮಿನ ನಡುವಿನ ತಗ್ಗು. ವಾಲ್ ಇರುವ ಕಡೆ ಲಿವರ್ ಹಾಕಿ, ಅದರ ಎದುರು ಬದಿಯ ಅಂಚನ್ನು ಮಂಡಿಯಿಂದ ಆ ತಗ್ಗಿಗೆ ಒತ್ತಿ ಹಿಡಿಯಿರಿ. ಆಗ ಈ ಕಡೆ ಸಡಿಲ ಸಿಗುತ್ತದೆ. ಹಾಗೆ ಮಾಡದೆ ಬಲ ಪ್ರಯೋಗಿಸಿದರೆ ಅಂಚಿನೊಳಗಿನ ಉಕ್ಕಿನ ತಂತಿ ಹಿಗ್ಗುತ್ತದೆ, ಇಲ್ಲವೇ ರಿಮ್ ಸೊಟ್ಟಗಾಗುತ್ತದೆ. ಒಮ್ಮೆಗೆ ಎರಡು ಇಂಚಿಗಿಂತ ಹೆಚ್ಚು ಎಬ್ಬಿಸಬೇಡಿ.

ಟ್ಯೂಬ್ ತೆಗೆದ ಮೇಲೆ ರಿಮ್ ಒರೆಸಿ, ತುಕ್ಕಿದ್ದರೆ ಉಜ್ಜಿ. ಕಡ್ಡಿ ಚಕ್ರವಾದರೆ ಕಡ್ಡಿಯ ತುದಿಗಳು ರಿಮ್ ಟೇಪಿನಿಂದ ಹೊರಚಾಚಿವೆಯೇ ಎಂದು ಬೆರಳಾಡಿಸಿ ನೋಡಿ. ಚಾಚಿದ್ದರೆ ಅರ ಹಾಕಿ ಮಟ್ಟ ಮಾಡಿ, ಟೇಪ್ ಹೊಸದು ಹಾಕಿ. ಕಾರಣ ಗೊತ್ತಾಗದೆ ಮತ್ತೆ ಮತ್ತೆ ಆಗುವ ಪಂಕ್ಚರ್ ಎಷ್ಟೋ ಸಲ ಇಲ್ಲೇ ಹುಟ್ಟುವುದು.

ಹೊಸ ಟೈರಿನ ಪಕ್ಕದ ಬಾಣ ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗಿರಬೇಕು. ಬಣ್ಣದ ಚುಕ್ಕೆ ಇದ್ದರೆ ಅದು ಟೈರಿನ ಹಗುರ ಜಾಗ, ವಾಲ್ ಹತ್ತಿರ ಬರಲಿ. ಮೊದಲ ಅಂಚು ಸುಲಭವಾಗಿ ಕೂರುತ್ತದೆ. ಟ್ಯೂಬಿಗೆ ಪೌಡರ್ ಸವರಿ, ದುಂಡಗಾಗುವಷ್ಟು ಮಾತ್ರ ಗಾಳಿ ಹಾಕಿ ಒಳಗಿಡಿ, ವಾಲ್ ಹೊರಗೆಳೆದು ನಟ್ಟನ್ನು ತುದಿಯಲ್ಲಷ್ಟೇ ಸಿಕ್ಕಿಸಿ. ಎರಡನೇ ಅಂಚನ್ನು ವಾಲಿನ ಎದುರು ಬದಿಯಿಂದ ಶುರುಮಾಡಿ ವಾಲ್ ಬಳಿ ಮುಗಿಸಿ. ಕೊನೆಯ ಅರ್ಧ ಅಡಿಯೇ ಕಷ್ಟ. ಟ್ಯೂಬ್ ಲಿವರಿಗೆ ಸಿಕ್ಕಿ ಕಚ್ಚಿಹೋಗುವುದೂ ಅಲ್ಲೇ. ಮುಗಿಸುವ ಮೊದಲು ವಾಲನ್ನು ಒಮ್ಮೆ ಟೈರಿನೊಳಕ್ಕೆ ಒತ್ತಿದರೆ ಟ್ಯೂಬ್ ಅಂಚಿನಡಿ ಸಿಕ್ಕಿಕೊಳ್ಳುವುದಿಲ್ಲ. ಸೋಪಿನ ನೀರಿನ ಬದಲು ಆಯಿಲ್, ಗ್ರೀಸ್, ಡೀಸೆಲ್ ಹಚ್ಚಬೇಡಿ. ರಬ್ಬರ್ ಊದುತ್ತದೆ, ಬ್ರೇಕ್ ಹಾಕಿದಾಗ ಟೈರ್ ರಿಮ್ಮಿನ ಮೇಲೆ ಜಾರುತ್ತದೆ.

15 ಪಿಎಸ್‌ಐ ಹೊಡೆದು, ಪೂರ್ತಿ ಬಿಟ್ಟು, ಮತ್ತೆ ಹೊಡೆಯಿರಿ. ಟ್ಯೂಬಿನ ಸುಕ್ಕು ಬಿಡುತ್ತದೆ. ರಿಮ್ಮಿನ ಪಕ್ಕ ಟೈರಿನ ಮೇಲೊಂದು ತೆಳು ಗೆರೆ ಸುತ್ತಲೂ ಓಡುತ್ತದೆ; ಅದು ಎಲ್ಲ ಕಡೆ ರಿಮ್ಮಿನಿಂದ ಒಂದೇ ದೂರದಲ್ಲಿದ್ದರೆ ಅಂಚು ಸರಿಯಾಗಿ ಕೂತಿದೆ. ಒಂದು ಕಡೆ ಗೆರೆ ಮುಳುಗಿದ್ದರೆ ಗಾಳಿ ಬಿಟ್ಟು, ಸೋಪ್ ನೀರು ಹಚ್ಚಿ, ಪುನಃ ಪ್ರಯತ್ನಿಸಿ. ಕೂರಿಸಲೆಂದು 40 ಪಿಎಸ್‌ಐ ದಾಟಿಸಬೇಡಿ. ವಾಲ್ ನೆಟ್ಟಗಿರಬೇಕು. ಅದರ ನಟ್ಟನ್ನು ರಿಮ್ಮಿಗೆ ಬಿಗಿಯಬೇಡಿ, ಮೇಲಿನ ಮುಚ್ಚಳದ ಕಡೆಗೆ ತಿರುಗಿಸಿಡಿ. ಟೈರ್ ಸ್ವಲ್ಪ ಜಾರಿದರೆ ವಾಲ್ ಓರೆಯಾಗಿ ನಿಮಗೆ ಎಚ್ಚರಿಕೆ ಸಿಗುತ್ತದೆ. ನಟ್ ಬಿಗಿದಿದ್ದರೆ ಬುಡವೇ ಕಿತ್ತುಬರುತ್ತದೆ.

ಚಕ್ರ ಮತ್ತೆ ಕೂರಿಸುವಾಗ

ಬಿಚ್ಚಿದ್ದರ ಉಲ್ಟಾ ಕ್ರಮ. ಮರೆಯಲೇಬಾರದ್ದು ಟಾರ್ಕ್ ರಾಡಿನ ಬೋಲ್ಟ್ ಮತ್ತು ಅದರ ಸ್ಪ್ಲಿಟ್ ಪಿನ್. ಅದಿಲ್ಲದೆ ಬ್ರೇಕ್ ಒತ್ತಿದರೆ ಬ್ರೇಕ್ ಪ್ಲೇಟ್ ಚಕ್ರದೊಡನೆ ತಿರುಗಿ ಚಕ್ರ ಲಾಕ್ ಆಗುತ್ತದೆ. ಚೈನ್ ಅಡ್ಜಸ್ಟರ್‌ನ ಗೆರೆಗಳು ಎರಡೂ ಕಡೆ ಒಂದೇ ಲೆಕ್ಕಕ್ಕಿರಲಿ. ಚೈನಿನ ನಡುಭಾಗ 20ರಿಂದ 30 ಮಿ.ಮೀ. ಮೇಲೆ ಕೆಳಗೆ ಆಡಬೇಕು, ಬ್ರೇಕ್ ಪೆಡಲಿನ ಆಟವೂ ಅಷ್ಟೇ. ಎಕ್ಸೆಲ್ ನಟ್ ಬಿಗಿಯುವಾಗ ಬ್ರೇಕ್ ಒತ್ತಿ ಹಿಡಿದರೆ ಪ್ಲೇಟ್ ನಡುವಿಗೆ ಕೂರುತ್ತದೆ. ಚಕ್ರ ಕೈಯಲ್ಲಿ ತಿರುಗಿಸಿ ಎಲ್ಲೂ ಉಜ್ಜುತ್ತಿಲ್ಲವೆಂದು ನೋಡಿ.

ಗಾಳಿಯ ಪ್ರಮಾಣ ಬೈಕಿನ ಸ್ಟಿಕ್ಕರ್ ಅಥವಾ ಕೈಪಿಡಿಯಲ್ಲಿರುತ್ತದೆ. ಒಬ್ಬರಿಗೆ ಬೇರೆ, ಇಬ್ಬರಿಗೆ ಬೇರೆ. ಟೈರ್ ತಣ್ಣಗಿದ್ದಾಗಲೇ ಅಳೆಯಬೇಕು. ಪಕ್ಕದಲ್ಲಿ ಅಚ್ಚಾದ ಗರಿಷ್ಠ ಅಂಕಿ ಟೈರಿನ ತಾಳಿಕೆಯ ಮಿತಿ, ನೀವು ಹೊಡೆಸಬೇಕಾದ್ದಲ್ಲ.

ಹೊಸ ರಬ್ಬರಿನ ಮೇಲ್ಮೈ ನುಣುಪು. ಮೊದಲ 100-150 ಕಿ.ಮೀ. ತಿರುವಿನಲ್ಲಿ ವಾಲಿಸುವುದು, ಜೋರು ಬ್ರೇಕ್ ಎರಡೂ ಬೇಡ. ಟೈರ್ ಪಾಲಿಶ್ ಹಚ್ಚಲು ಹುಡುಗರು ಬಂದರೆ ಬಟನ್ ಮೇಲೆ ಹಚ್ಚದಂತೆ ತಡೆಯಿರಿ. ಮರುದಿನ ಬೆಳಿಗ್ಗೆ ಗಾಳಿ ಅಳೆಯಿರಿ; 2 ಪಿಎಸ್‌ಐಗಿಂತ ಹೆಚ್ಚು ಇಳಿದಿದ್ದರೆ ವಾಲ್ ಪಿನ್‌ಗೆ ಸೋಪ್ ನೊರೆ ಹಚ್ಚಿ ನೋಡಿ, ಅಲ್ಲಿ ಗುಳ್ಳೆ ಬರದಿದ್ದರೆ ಟ್ಯೂಬ್ ಲಿವರಿಗೆ ಸಿಕ್ಕಿರಬೇಕು. ನೂರು ಕಿ.ಮೀ. ಆದ ಮೇಲೆ ಎಕ್ಸೆಲ್ ನಟ್ ಇನ್ನೊಮ್ಮೆ ಬಿಗಿಯಿರಿ. ಬಿಲ್ಲಿನ ಮೇಲೆ ಆ ನಾಲ್ಕು ಅಂಕಿಯ ತಾರೀಖನ್ನೂ ಬರೆಸಿಕೊಳ್ಳಿ. ತಯಾರಿಕೆಯ ದೋಷವೆಂದು ಟೈರ್ ವಾಪಸ್ ಒಯ್ದಾಗ ಅಂಗಡಿಯಲ್ಲಿ ಮೊದಲು ಕೇಳುವುದು ಬಿಲ್ಲನ್ನೇ.