ಅವಕೆಂಪನ್ನು ಹಸಿರಾಗಿಸುವ ದ್ರವ ಸ್ಫಟಿಕ: ಉಜ್ಜಿದ ದಿಕ್ಕು ತಪ್ಪದಿರಲಿ

1064 ನ್ಯಾನೊಮೀಟರಿನ ಅವಕೆಂಪು ಲೇಸರ್ ಒಳಹೊಕ್ಕು 532ರ ಹಸಿರು ಹೊರಬರಬೇಕು. ಮಾಮೂಲಿ ನೆಮ್ಯಾಟಿಕ್ ದ್ರವ ಸ್ಫಟಿಕದಲ್ಲಿ ಇದಾಗದು. ಅಣುಗಳು ಸಾಲಾಗಿ ನಿಂತರೂ ಅರ್ಧದಷ್ಟರ ತಲೆ ಆ ಕಡೆ, ಉಳಿದರ್ಧದ್ದು ಈ ಕಡೆ. ಹುಟ್ಟುವ ಹಸಿರು ಪರಸ್ಪರ ಅಳಿಸಿಹೋಗುತ್ತದೆ. ತಲೆಗಳೆಲ್ಲ ಒಂದೇ ಕಡೆಗಿರುವ ಫೆರೊಎಲೆಕ್ಟ್ರಿಕ್ ನೆಮ್ಯಾಟಿಕ್ ಬೇಕು, ಆರ್‌ಎಂ734 ಎಂಬ ವಸ್ತು ಆಗಬಹುದು.

1. ಎರಡು ಗಾಜುಗಳನ್ನು ಸೋಪು ನೀರು, ಅಸಿಟೋನ್, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತೊಳೆದು ಒಣಗಿಸಿ, ಪಾಲಿಇಮೈಡ್ (ಉಜ್ಜಿದ ದಿಕ್ಕಿಗೆ ಅಣುಗಳನ್ನು ಸಾಲಾಗಿಸುವ ಪಾಲಿಮರ್) ಲೇಪಿಸಿ ಬೇಯಿಸಿ.

2. ಎಡವುವುದು ಇಲ್ಲೇ. ಉಜ್ಜುವ ಮೊದಲೇ ಗಾಜಿನ ಹಿಂಬದಿಗೆ ವಜ್ರದ ಮೊನೆಯಿಂದ ಬಾಣ ಗೀರಿ. ಲೇಪನದ ಮೇಲೆ ವೆಲ್ವೆಟ್ ಬಟ್ಟೆಯನ್ನು ಬಾಣದ ಕಡೆಗೇ ಎಳೆಯಿರಿ, ಹಿಂದಕ್ಕೆ ಒಮ್ಮೆಯೂ ಬೇಡ. ಮಾಮೂಲಿ ನೆಮ್ಯಾಟಿಕ್‌ಗೆ ಬಾಣಗಳನ್ನು ಎದುರುಬದುರಾಗಿ ಕೂರಿಸುವುದೇ ರೂಢಿ. ಇಲ್ಲಿ ಹಾಗೆ ಮಾಡಿದರೆ ಕೆಟ್ಟಿತು: ಅಣುವಿನ ತಲೆ ಯಾವ ಕಡೆಗೆ ಎಂಬುದನ್ನೂ ಗಾಜೇ ನಿರ್ಧರಿಸುತ್ತದೆ. ಮೇಲಿನದು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ ಎಳೆದಾಗ ನಡುವಿನ ಪದರ 180 ಡಿಗ್ರಿ ತಿರುಚಿಕೊಂಡು ಹಸಿರು ಕುಗ್ಗುತ್ತದೆ. ಗಾಜುಗಳನ್ನು ಲೇಪನ ಮೇಲಾಗಿ ಅಕ್ಕಪಕ್ಕ ಇಟ್ಟು, ಎರಡೂ ಬಾಣ ನಿಮ್ಮಿಂದ ಆಚೆಗಿರಲಿ. ಪುಸ್ತಕ ಮುಚ್ಚಿದಂತೆ ಒಂದನ್ನು ಇನ್ನೊಂದರ ಮೇಲೆ ಮಗುಚಿ. ಕ್ಯಾಲೆಂಡರ್ ಹಾಳೆಯಂತೆ ಮೇಲಕ್ಕೆ ಮಡಚಿದರೆ ಬಾಣ ತಿರುಗಿಬಿಡುತ್ತದೆ. ಡಿಸ್‌ಪ್ಲೇ ಕೆಲಸಕ್ಕೆಂದು ಮಾರುವ ಸಿದ್ಧ ಸೆಲ್‌ಗಳನ್ನು (ಹೀಗೆ ಜೋಡಿಸಿದ ಗಾಜಿನ ಜೋಡಿಗಳನ್ನು) ದಿಕ್ಕು ಕೇಳದೆ ಕೊಳ್ಳಬೇಡಿ, ಹಲವು ಎದುರುಬದುರಿನವೇ.

3. ಅಂಟಿಗೆ 5 ಮೈಕ್ರೊಮೀಟರ್ ಸಿಲಿಕಾ ಮಣಿ ಬೆರೆಸಿ ಎರಡು ಅಂಚು ಮುಚ್ಚಿ. ದಪ್ಪ ಹೆಚ್ಚಿದಷ್ಟೂ ಬೆಳಕು ಹೆಚ್ಚು ಎಂಬುದು ತಪ್ಪು. ಅವಕೆಂಪು, ಹಸಿರು ಬೇರೆ ಬೇರೆ ವೇಗದಲ್ಲಿ ಸಾಗುವುದರಿಂದ ಹುಟ್ಟಿದ ಹಸಿರು ಮುಂದೆ ತಾನೇ ಅಳಿಯುತ್ತದೆ. ಎರಡರ ವಕ್ರೀಭವನಾಂಕಕ್ಕೆ (ವಸ್ತು ಬೆಳಕನ್ನು ಎಷ್ಟು ನಿಧಾನಿಸುತ್ತದೆಂಬ ಅಳತೆ) 0.05 ವ್ಯತ್ಯಾಸವಿದ್ದರೆ 5.3 ಮೈಕ್ರೊಮೀಟರಿಗೆ ಹಸಿರು ಗರಿಷ್ಠ, 10.6ಕ್ಕೆ ಹೆಚ್ಚುಕಡಿಮೆ ಸೊನ್ನೆ. ಬಿಸಿ ತಾಳುವ ಅಂಟನ್ನೇ ಆರಿಸಿ.

4. ಸೆಲ್ಲನ್ನೂ ಆರ್‌ಎಂ734 ಅನ್ನೂ 190 ಡಿಗ್ರಿ ಸೆಲ್ಸಿಯಸ್ ದಾಟಿಸಿ, ಕರಗಿದ ಹನಿಯನ್ನು ತೆರೆದ ಅಂಚಿಗೆ ತಾಗಿಸಿ, ತಾನೇ ಒಳಗೆಳೆದುಕೊಳ್ಳುತ್ತದೆ. ಅಷ್ಟು ಬಿಸಿಯಲ್ಲಿ ಬಹಳ ಹೊತ್ತು ಬಿಡಬೇಡಿ. ಆರ್‌ಎಂ734ರ ತಲೆಗಳು 133 ಡಿಗ್ರಿಯ ಹತ್ತಿರ ಒಂದೆಡೆ ತಿರುಗುತ್ತವೆ; ತಣಿಸುತ್ತ ಆ ಗಡಿಯನ್ನು ನಿಮಿಷಕ್ಕೆ 1 ಡಿಗ್ರಿಯಂತೆ ದಾಟಿಸಿ. ಅವಸರಿಸಿದರೆ ತಲೆಗಳ ದಿಕ್ಕು ಬೇರೆಬೇರೆಯಾದ ತೇಪೆಗಳು. ಹರಳುಗಟ್ಟಿದರೆ 133ಕ್ಕೆ ಬಿಸಿ ಮಾಡಿ ಪ್ರಯೋಜನವಿಲ್ಲ. 140 ಮೀರಿಸಿ ಮತ್ತೆ ಇಳಿಸಿ.

5. ಲೇಸರಿನ ಧ್ರುವೀಕರಣ (ಬೆಳಕಿನ ಅಲೆ ಕಂಪಿಸುವ ದಿಕ್ಕು) ಬಾಣಕ್ಕೆ ಸಮಾಂತರವಾಗಿರಲಿ. ಸೆಲ್‌ನ ಮುಂದೆ ಹಸಿರು ತಡೆಯುವ ಫಿಲ್ಟರ್ ಕಡ್ಡಾಯ, ಏಕೆಂದರೆ ಹಲವು ಲೇಸರ್‌ಗಳಿಂದಲೇ 532 ಸೋರುತ್ತದೆ. ಹಿಂದೆ ಅವಕೆಂಪು ತಡೆಯುವುದೊಂದು, 532 ಮಾತ್ರ ಬಿಡುವುದೊಂದು. ಕಣ್ಣಿಗೆ ಎರಡೂ ತರಂಗಾಂತರ ತಡೆಯುವ ಕನ್ನಡಕ ಹಾಕದೆ ಲೇಸರ್ ಹಚ್ಚಬೇಡಿ. 1064 ಕಾಣುವುದೇ ಇಲ್ಲ.

ಲೇಸರಿನ ಶಕ್ತಿ ಎರಡು ಪಟ್ಟಾದರೆ ಹಸಿರು ನಾಲ್ಕು ಪಟ್ಟಾಗಬೇಕು. ಸೆಲ್ಲನ್ನು 150 ಡಿಗ್ರಿಗೆ ಏರಿಸಿ: ಹಸಿರು ಆರಬೇಕು. ಆರದಿದ್ದರೆ ಅದು ಸೋರಿಕೆ, ಸೆಲ್‌ನ ಮುಂದಿರುವ ಫಿಲ್ಟರ್ ಬದಲಿಸಿ.